ಕಂದು ಬಣ್ಣದ ಅಂಟು ಹಿಕ್ಕೆ: ಕೋಳಿಗೆ ಭೇದಿನಾ?

ಪ್ರಶ್ನೆ: ಕೋಳಿಗಳು ಚೆನ್ನಾಗಿ ತಿನ್ನುತ್ತಿವೆ, ಓಡಾಡುತ್ತಿವೆ. ಆದರೆ ಕೆಲವು ಹಿಕ್ಕೆ ಮಾತ್ರ ಕಂದು, ಅಂಟು, ಕೆಟ್ಟ ವಾಸನೆ. ಹೊಟ್ಟೆ ಕ್ಲೀನ್ ಮಾಡೋಕೆ ಯಾವ ಆ್ಯಂಟಿಬಯಾಟಿಕ್ ಕೊಡಲಿ?

ಯಾವುದೂ ಬೇಡ. ಉತ್ತರ ಮುಗಿಯಿತು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಇನ್ನೊಬ್ಬರಿಂದ ಬರುತ್ತದೆ, ಫೋಟೋ ಸಮೇತ, ಅದೂ ನಾನು ಊಟಕ್ಕೆ ಕೂತಾಗ. ಹಾಗಾಗಿ ಇನ್ನೊಮ್ಮೆ, ಪೂರ್ತಿ ಹೇಳುತ್ತೇನೆ.

ಕೋಳಿ ಹಾಕುವುದು ಎರಡು ಥರದ ಹಿಕ್ಕೆ. ಒಂದು ಗಟ್ಟಿ, ಮೇಲೆ ಬಿಳಿ ಟೋಪಿ. ಆ ಬಿಳಿ ಅದರ ಮೂತ್ರ. ಇನ್ನೊಂದು ನಿಮ್ಮನ್ನು ಹೆದರಿಸಿದ್ದು: ಬಿಳಿ ಇಲ್ಲ, ಕರಗಿದ ಚಾಕೊಲೇಟ್ ಥರ ಹರಡಿಕೊಂಡಿರುತ್ತದೆ, ಚಪ್ಪಲಿಗೆ ಮೆತ್ತಿದರೆ ಉಜ್ಜಿದಷ್ಟೂ ಹೋಗುವುದಿಲ್ಲ. ಸುಮಾರು ಎಂಟು ಹತ್ತು ಹಿಕ್ಕೆಗೆ ಒಂದು ಹೀಗಿರುತ್ತದೆ. ಇದು ಬರುವುದು ಸೀಕಮ್‌ನಿಂದ. ಸಣ್ಣ ಕರುಳು ಮುಗಿಯುವ ಕಡೆ ಅಕ್ಕಪಕ್ಕ ಎರಡು ಚೀಲ ಇವೆ, ಒಂದು ಕಡೆ ಮಾತ್ರ ಬಾಯಿ, ಬೆಳೆದ ಕೋಳಿಯಲ್ಲಿ ಒಂದೊಂದೂ 15–20 ಸೆಂ.ಮೀ. ಉದ್ದ. ಮೇವಿನ ದಪ್ಪ ಚೂರುಗಳು ಒಳಗೆ ಹೋಗುವುದಿಲ್ಲ, ನುಣ್ಣನೆಯ ಭಾಗ ಮತ್ತು ನೀರು ಮಾತ್ರ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. 1 ಗ್ರಾಂನಲ್ಲಿ 10,000 ಕೋಟಿಯವರೆಗೂ ಇರುತ್ತವೆ. ವಾಸನೆ ಬರದೆ ಇನ್ನೇನು ಬರಬೇಕು?

ಈಗ ಆ ಹಠಮಾರಿ ನಂಬಿಕೆಗೆ ಬರೋಣ: ಬ್ಯಾಕ್ಟೀರಿಯಾ ಅಂದರೆ ರೋಗ, ಹೊಟ್ಟೆ ಖಾಲಿ ಮಾಡಿದಷ್ಟೂ ಒಳ್ಳೆಯದು. ಇದು ಉಲ್ಟಾ. ಈ ಬ್ಯಾಕ್ಟೀರಿಯಾಗಳು ನಾರನ್ನು ಒಡೆದು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಕರುಳಿನ ಗೋಡೆಯ ಕೋಶಗಳಿಗೆ ಊಟ. ಈ ಆಮ್ಲಗಳು ಇರುವ ಕಡೆ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾಗೆ ಬೇರೂರುವುದು ಕಷ್ಟ. ಹಾಗಂತ ಕೋಳಿಯ ಹೊಟ್ಟೆ ತುಂಬಿಸುವುದೇ ಇವು ಅಂತಲೂ ತಿಳಿಯಬೇಡಿ. ಮೇವಿನ ಗುಣಮಟ್ಟ ಅಳೆಯುವ ಪ್ರಯೋಗಗಳಿಗೆ ಸೀಕಮ್ ಕತ್ತರಿಸಿ ತೆಗೆದ ಹುಂಜಗಳನ್ನು ಬಳಸುತ್ತಾರೆ, ಅವು ಆರಾಮಾಗಿ ಬದುಕುತ್ತವೆ. ನನ್ನ ಪ್ರಕಾರ ಇವುಗಳ ಮುಖ್ಯ ಕೆಲಸ ಅಡುಗೆಗಿಂತ ಕಾವಲು.

1973ರಲ್ಲಿ ಫಿನ್ಲೆಂಡ್‌ನ ಸಂಶೋಧಕರಾದ ನುರ್ಮಿ ಮತ್ತು ರಂಟಾಲ ಇದನ್ನೇ ತೋರಿಸಿದರು. ಈಗಷ್ಟೇ ಹುಟ್ಟಿದ ಮರಿಗಳಿಗೆ ದೊಡ್ಡ ಕೋಳಿಯ ಕರುಳಿನೊಳಗಿನದನ್ನೇ ಕುಡಿಸಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಅದಕ್ಕೆ ಅಲ್ಲಿ ಸುಲಭವಾಗಿ ಜಾಗ ಸಿಗಲಿಲ್ಲ. ಬಸ್ಸಿನ ಸೀಟೆಲ್ಲ ತುಂಬಿದ ಮೇಲೆ ಹತ್ತಿದವನ ಕಥೆ, ಅಷ್ಟೇ. ನೀವು ಸುಮ್ನೆ ಆ್ಯಂಟಿಬಯಾಟಿಕ್ ಕೊಟ್ಟಾಗ ಸೀಟು ಖಾಲಿ ಮಾಡಿಸುತ್ತೀರಿ. ಮೊದಲು ಹತ್ತುವವನು ಒಳ್ಳೆಯವನೇ ಆಗಿರುತ್ತಾನೆ ಅಂತ ಏನು ಗ್ಯಾರಂಟಿ?

ಚಿಂತೆ ಮಾಡಬೇಕಾದ್ದು ಯಾವಾಗ? ಹಿಕ್ಕೆಯಲ್ಲಿ ರಕ್ತ ಕಂಡಾಗ, ಎಲ್ಲ ಹಿಕ್ಕೆಯೂ ನೀರಾದಾಗ, ಕೋಳಿ ಗರಿ ಉಬ್ಬಿಸಿಕೊಂಡು ಮೂಲೆ ಹಿಡಿದಾಗ. ರಕ್ತ ಇದ್ದರೆ ಕಾಕ್ಸಿಡಿಯೋಸಿಸ್ ಇರಬಹುದು. ಅದನ್ನು ತರುವುದು ಕರುಳಿನ ಒಂದು ಪರಾವಲಂಬಿ ಜೀವಿ, ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಅದರ ಮದ್ದೂ ಬೇರೆ. ಪಶುವೈದ್ಯರಿಗೆ ತೋರಿಸಿ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಇನ್‌ಕ್ಯುಬೇಟರ್ ಮರಿಗೆ ಈ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ? ತಾಯಿ ಜೊತೆ ಕೆದಕುತ್ತಾ ಬೆಳೆಯುವ ಮರಿಗೆ ಅದು ತಾಯಿಯಿಂದಲೇ ಸಿಗುತ್ತದೆ. ಇನ್‌ಕ್ಯುಬೇಟರ್ ಮರಿಗೆ ತಾಯಿಯ ಮುಖವೇ ಗೊತ್ತಿಲ್ಲ. ಕಾಲಡಿಯ ಮೊದಲ ಹಾಸು, ಮೊದಲ ನೀರು, ನಿಮ್ಮ ಕೈ, ಇವೇ ಅದಕ್ಕೆ ತಾಯಿ. ಪ್ರೋಬಯಾಟಿಕ್, ಅಂದರೆ ಬದುಕಿರುವ ಒಳ್ಳೆಯ ಬ್ಯಾಕ್ಟೀರಿಯಾ, ಕೊಡುವುದಾದರೆ ಈ ಮೊದಲ ದಿನಗಳಲ್ಲೇ ಕೊಟ್ಟರೆ ಜಾಸ್ತಿ ಉಪಯೋಗ. ಆದರೆ ಕ್ಲೋರಿನ್ ಹಾಕಿದ ನೀರಿಗೆ ಕಲಸಬೇಡಿ. ಬದುಕಿರುವ ಬ್ಯಾಕ್ಟೀರಿಯಾಕ್ಕೆ ದುಡ್ಡು ಕೊಟ್ಟು, ಬಕೆಟ್‌ನಲ್ಲೇ ಕೊಂದು, ಸತ್ತದ್ದನ್ನು ಮರಿಗೆ ಕುಡಿಸಿದ ಹಾಗಾಗುತ್ತದೆ.