ಕಪ್ಪು ಪಟ್ಟಿಯ ಮೇಲೆ ಉಳಿದ ಹುಬ್ಬು

ಪತ್ರಿಕೆಗಳಲ್ಲಿ ಗುರುತು ಮರೆಸಲು ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆಯುತ್ತಾರಲ್ಲ, ಅದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿ. ಕಣ್ಣು ಮುಚ್ಚಿರುತ್ತದೆ, ಹುಬ್ಬು ಹಾಗೇ ಇರುತ್ತದೆ. ಪಕ್ಕದ ಮನೆಯವರಿಗೆ ಅಷ್ಟು ಸಾಕು.

ಮುಖ ಗುರುತಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಹುಬ್ಬು, ರೆಪ್ಪೆಯ ಮಡಿಕೆ, ಕಣ್ಣಿನ ಎರಡು ಮೂಲೆ, ಸುತ್ತಲಿನ ಚರ್ಮ ಎಲ್ಲವನ್ನೂ ನಾವು ಒಂದೇ ಭಾಗವಾಗಿ ನೋಡುತ್ತೇವೆ. ಪೆರಿಆಕ್ಯುಲರ್ ಅಂತ ಅದಕ್ಕೆ ಹೆಸರು. ಐರಿಸ್ ಸ್ಕ್ಯಾನ್ ಬೇರೆ. ಆಧಾರ್‌ಗೆ ಕೊಟ್ಟಿದ್ದೀರಲ್ಲ, ಅದು ಪಾಪೆಯ ಸುತ್ತಲಿನ ಬಣ್ಣದ ಉಂಗುರದ ಎಳೆಗಳ ಚಿತ್ರ. ನಮ್ಮ ಕಡು ಕಂದು ಕಣ್ಣುಗಳಲ್ಲಿ ಮಾಮೂಲಿ ಬೆಳಕಿಗೆ ಆ ಎಳೆಗಳು ಸರಿಯಾಗಿ ಕಾಣುವುದಿಲ್ಲ, ಮೆಲನಿನ್ ಅನ್ನುವ ಕಪ್ಪು ಬಣ್ಣದ ವಸ್ತು ಮುಚ್ಚಿಬಿಡುತ್ತದೆ. ಅದಕ್ಕೇ ಇನ್‌ಫ್ರಾರೆಡ್ ಬೆಳಕು, ಹತ್ತಿರ ಹಿಡಿದ ಯಂತ್ರ, 'ಅಲ್ಲಾಡಬೇಡಿ' ಅನ್ನುವ ಆಪರೇಟರ್. ಕಣ್ಣಿನ ಸುತ್ತಲಿನ ಭಾಗಕ್ಕೆ ಇಷ್ಟೆಲ್ಲ ಉಪಚಾರ ಬೇಡ. ಸಾಮಾನ್ಯ ಕ್ಯಾಮೆರಾ, ಸ್ವಲ್ಪ ದೂರವಿದ್ದರೂ ನಡೆಯುತ್ತದೆ. ಐರಿಸ್‌ನಷ್ಟು ನಿಖರವಲ್ಲ, ಅದು ಬೇರೆ ಮಾತು.

2009ರಲ್ಲಿ ಅಮೆರಿಕದಲ್ಲಿ ಸಂಶೋಧಕ ಅನಿಲ್ ಜೈನ್ ಮತ್ತು ಸಂಗಡಿಗರು ಸಾಮಾನ್ಯ ಫೋಟೊಗಳಲ್ಲೇ ಇದನ್ನು ಪರೀಕ್ಷಿಸಿದರು. ಹುಬ್ಬನ್ನೂ ಸೇರಿಸಿಕೊಂಡಾಗ ಫಲಿತಾಂಶ ಸುಧಾರಿಸಿತು. ಮನುಷ್ಯರ ಕಥೆಯೂ ಇದೇ. 2003ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ತಂಡ ಪ್ರಸಿದ್ಧರ ಫೋಟೊಗಳಲ್ಲಿ ಒಮ್ಮೆ ಕಣ್ಣು ಅಳಿಸಿತು, ಒಮ್ಮೆ ಹುಬ್ಬು ಅಳಿಸಿತು. ಜನ ಜಾಸ್ತಿ ತಡಬಡಿಸಿದ್ದು ಹುಬ್ಬಿಲ್ಲದ ಮುಖಗಳ ಮುಂದೆ!

ಇದೆಲ್ಲ ನಮ್ಮಂಥವರ ಹರಟೆಯಾಗಿಯೇ ಉಳಿಯುತ್ತಿತ್ತೇನೋ, ಕೊರೋನಾ ಬಂತು. 2020ರ ಜುಲೈನಲ್ಲಿ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಮುಖ ಗುರುತಿಸುವ 89 ಸಾಫ್ಟ್‌ವೇರ್‌ಗಳನ್ನು ಮಾಸ್ಕ್ ಹಾಕಿದಂತೆ ತಿದ್ದಿದ ಫೋಟೊಗಳ ಮೇಲೆ ಪರೀಕ್ಷಿಸಿತು. ಮಾಸ್ಕ್ ಇಲ್ಲದಾಗ ಶೇ 0.3ರಷ್ಟು ತಪ್ಪುತ್ತಿದ್ದ ಉತ್ತಮ ಸಾಫ್ಟ್‌ವೇರ್‌ಗಳೇ ಶೇ 5ರಷ್ಟು ಎಡವಿದವು. ಮೂಗು, ಬಾಯಿ ಹೋದ ಮೇಲೆ ಉಳಿದದ್ದು ಮೇಲಿನರ್ಧ ತಾನೇ? ಎಲ್ಲರೂ ಅತ್ತ ತಿರುಗಿದರು. 2022ರ ಮಾರ್ಚ್‌ನಲ್ಲಿ ಐಫೋನ್ ಕೂಡ ಮಾಸ್ಕ್ ತೆಗೆಯದೆ, ಕಣ್ಣಿನ ಸುತ್ತ ನೋಡಿ ಬೀಗ ತೆರೆಯತೊಡಗಿತು.

ಕಾಟಗಳೂ ಇವೆ. ಕನ್ನಡಕದ ಮೇಲೆ ಟ್ಯೂಬ್‌ಲೈಟ್ ಹೊಳೆದರೆ ಅರ್ಧ ಮಾಹಿತಿ ಹೋಯಿತು. ಒಂದು ಕಚೇರಿಯ ಹಾಜರಿ ಯಂತ್ರ ಸೋಮವಾರ ಬೆಳಿಗ್ಗೆ ಒಬ್ಬ ಉದ್ಯೋಗಿಯನ್ನು ಒಪ್ಪಲೇ ಇಲ್ಲ. ಕಾರಣ ಹುಡುಕಿದರೆ, ಭಾನುವಾರ ತಂಗಿಯ ಮದುವೆಗೆ ಹುಬ್ಬನ್ನು ತೀರಾ ತೆಳ್ಳಗೆ ಮಾಡಿಸಿಕೊಂಡಿದ್ದರು. 'ಬೆಳೆಯುವವರೆಗೆ ರಜಾ ಕೊಡ್ತೀರಾ ಸಾರ್?' ಅಂದರು ಆಕೆ. ಹೊಸ ಫೋಟೊ ತೆಗೆದು ಹಳೆಯದರ ಜೊತೆಗೇ ಇಟ್ಟೆವು. ಹಳೆಯದನ್ನು ಅಳಿಸಲಿಲ್ಲ, ಹುಬ್ಬು ಮತ್ತೆ ಬೆಳೆಯುತ್ತದಲ್ವಾ!