ನಾಯಿ ನಗ್ತಿಲ್ಲ, ಅದಕ್ಕೆ ಸೆಕೆ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ನಾಯಿ ಫೋಟೋಗಳು ಬರಲು ಶುರು. ಬಾಯಿ ಅಗಲ ತೆರೆದು, ನಾಲಿಗೆ ಇಷ್ಟುದ್ದ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ಕೂತ ನಾಯಿ. ಕೆಳಗೆ ‘ನಮ್ಮ ಟಾಮಿ ಹೇಗೆ ನಗ್ತಾನೆ ನೋಡಿ’ ಎಂಬ ಸಾಲು. ಅದೇ ಬಿಸಿಲಲ್ಲಿ ಕೋಲಾರದ ಯಾವುದೋ ಬೀದಿಯಲ್ಲಿ ಇನ್ನೊಂದು ನಾಯಿ ಅದೇ ಥರ ಬಾಯಿ ಬಿಟ್ಟುಕೊಂಡು, ಜೊಲ್ಲು ಸುರಿಸುತ್ತಾ ಹೋಗುತ್ತಿರುತ್ತದೆ. ಅದಕ್ಕೆ ಮಾತ್ರ ‘ಬಿಸಿಲಿಗೆ ಹುಚ್ಚು ಹಿಡಿದಿದೆ’ ಅಂತ ಕಲ್ಲು ಬೀಳುತ್ತದೆ. ಸಾಕಿದವರಿಗೆ ನಗು, ಬೀದಿಯವರಿಗೆ ಹುಚ್ಚು. ನಿಜಕ್ಕೂ ಎರಡೂ ನಾಯಿಗಳು ಮಾಡುತ್ತಿರುವುದು ಒಂದೇ ಕೆಲಸ: ಮೈಯ ಬಿಸಿಯನ್ನು ಹೊರಗೆ ಹಾಕುವುದು.

ಹುಚ್ಚಿನ ವಿಷಯ ಮೊದಲು ಮುಗಿಸಿಬಿಡೋಣ. ನಾಯಿಯ ಹುಚ್ಚು ಅಂದರೆ ರೇಬೀಸ್ ರೋಗ, ಅದನ್ನು ತರುವುದು ವೈರಸ್. ಸೋಂಕಿರುವ ಪ್ರಾಣಿ ಕಚ್ಚಿದರೆ ಬರುತ್ತದೆ, ಬಿಸಿಲಿಗೆ ಬರುವುದಿಲ್ಲ. ಬಿಸಿಲಿಗೆ ಹುಚ್ಚು ಹಿಡಿಯುತ್ತದೆ ಅನ್ನುವ ನಂಬಿಕೆ ನಮ್ಮ ಕಡೆಯವರದ್ದಷ್ಟೇ ಅಲ್ಲ. ಎರಡು ಸಾವಿರ ವರ್ಷದ ಹಿಂದಿನ ರೋಮಿನವರಿಗೆ ಲುಬ್ಧಕ ಅಂದರೆ ನಾಯಿ ನಕ್ಷತ್ರ. ಅವರ ಕಡುಬೇಸಿಗೆಯಲ್ಲಿ ಅದು ಮುಂಜಾನೆ ಸೂರ್ಯನಿಗೆ ಸ್ವಲ್ಪ ಮುಂಚೆ ಮೂಡುತ್ತಿತ್ತು. ಆ ದಿನಗಳಲ್ಲಿ ನಾಯಿಗಳಿಗೆ ಹುಚ್ಚು ಜಾಸ್ತಿ ಅಂತ ಅಲ್ಲಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಲೂಯಿ ಪಾಶ್ಚರ್ 1885ರಲ್ಲಿ ನಾಯಿ ಕಚ್ಚಿದ ಹುಡುಗನಿಗೆ ಲಸಿಕೆ ಕೊಟ್ಟು ತೋರಿಸಿದ. 1907ರಲ್ಲಿ ಕೂನೂರಿನಲ್ಲೇ ಅವನ ಹೆಸರಿನ ಸಂಸ್ಥೆ ಶುರುವಾಯಿತು. ಇಷ್ಟೆಲ್ಲ ಆದರೂ ನಾವು ನಕ್ಷತ್ರ ಬಿಟ್ಟು ಬಿಸಿಲನ್ನು ಹಿಡಿದುಕೊಂಡಿದ್ದೇವೆ. ನಾಯಿ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ನೀರಲ್ಲಿ ತೊಳೆದು, ನೇರ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ, ಬೇಸಿಗೆಯಾದರೂ ಅಷ್ಟೇ, ಮಳೆಗಾಲವಾದರೂ ಅಷ್ಟೇ. (ನಾಯಿ ಹತ್ತಿರ ಬರದಿರಲಿ ಅಂತ ಗೇಟಿನ ಮುಂದೆ ಕೆಂಪು ನೀರಿನ ಬಾಟಲಿ ಇಡುವವರಿಗೂ ಒಂದು ಮಾತು. ನಾಯಿ ಕಣ್ಣಿಗೆ ಚೆನ್ನಾಗಿ ತಿಳಿಯುವುದು ನೀಲಿ ಮತ್ತು ಹಳದಿ. ಕೆಂಪು ಬರೀ ಮಂಕು. ಬಣ್ಣ ಹಾಕದೆ ಅದೇ ನೀರನ್ನು ಬಟ್ಟಲಲ್ಲಿಟ್ಟರೆ ಯಾರಿಗಾದರೂ ಉಪಯೋಗ ಆದೀತು.)

ಈಗ ನನಗಿಷ್ಟವಾದ ಭಾಗ, ನಾಲಿಗೆ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ಪಾದದಡಿಯ ಮೆತ್ತೆಗಳಲ್ಲಿ ಒಂದಿಷ್ಟು ಬೆವರುತ್ತದೆ, ಅದು ಲೆಕ್ಕಕ್ಕಿಲ್ಲ. ಅದರ ತಂಪೆಲ್ಲ ಮೂಗು ಮತ್ತು ಬಾಯಿಯ ಒದ್ದೆಯಿಂದ ಬರಬೇಕು. ಆ ಒದ್ದೆ ಆವಿಯಾಗಲು ಬೇಕಾದ ಬಿಸಿ ಅಲ್ಲೇ ಕೆಳಗೆ ಹರಿಯುವ ರಕ್ತದಿಂದ ಬರುತ್ತದೆ, ತಂಪಾದ ರಕ್ತ ವಾಪಸ್ ಮೈಗೆ ಹೋಗುತ್ತದೆ. 20 ಕೆ.ಜಿ. ತೂಗುವ ನಾಯಿಯ ಮೈ 1 ಡಿಗ್ರಿ ಇಳಿಯಬೇಕಾದರೆ ಸುಮಾರು 30 ಮಿ.ಲೀ. ನೀರು ಆವಿಯಾದರೆ ಸಾಕು. ಎರಡು ದೊಡ್ಡ ಚಮಚ, ಅಷ್ಟೇ!

ಆದರೆ ಗಾಳಿ ಹೋಗಿ ಬರುವ ದಾರಿಯಲ್ಲಿ ಒಂದು ಜಾಣತನ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಕ್ನುಟ್ ಸ್ಮಿತ್-ನೀಲ್ಸನ್ ಮತ್ತು ಜೊತೆಗಾರರು 1970ರಲ್ಲಿ ಇದನ್ನು ತೋರಿಸಿದರು. ಸೆಕೆಯಲ್ಲಿ ಏದುವ ನಾಯಿ ಬಾಯಿ ತೆರೆದಿದ್ದರೂ ಉಸಿರು ಎಳೆದುಕೊಳ್ಳುವುದು ಹೆಚ್ಚಾಗಿ ಮೂಗಿನಿಂದ, ಬಿಡುವುದು ಬಾಯಿಂದ. ಮೂಗಿನೊಳಗೆ ಸುರುಳಿ ಸುತ್ತಿದ ತೆಳು ಎಲುಬುಗಳಿವೆ, ಅವುಗಳ ಮೇಲೆಲ್ಲಾ ಒದ್ದೆ ಪೊರೆ. ಒಣ ಗಾಳಿ ಅದನ್ನು ಸವರಿಕೊಂಡು ಒಳಗೆ ಬಂದಾಗ ಬೇಕಾದಷ್ಟು ನೀರು ಹೀರಿಕೊಳ್ಳುತ್ತದೆ. ಅದೇ ಗಾಳಿಯನ್ನು ಮತ್ತೆ ಮೂಗಿನಿಂದಲೇ ಬಿಟ್ಟರೆ ಆ ನೀರೂ ಬಿಸಿಯೂ ಅಲ್ಲೇ ವಾಪಸ್ ಸೇರುತ್ತಿತ್ತು. ಬಾಯಿಂದ ಬಿಟ್ಟರೆ ಬಿಸಿ ಹೊರಗೆ. ಎಷ್ಟು ಪಾಲು ಬಾಯಿಂದ, ಎಷ್ಟು ಮೂಗಿನಿಂದ ಅನ್ನುವುದನ್ನು ಬದಲಿಸಿ ನಾಯಿ ತನ್ನ ತಂಪನ್ನು ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತದೆ. ಮೂಗಿನ ಪಕ್ಕದಲ್ಲಿರುವ ಒಂದು ಗ್ರಂಥಿ ಇದಕ್ಕೆ ನೀರು ಒದಗಿಸುತ್ತದೆ. ಅದಕ್ಕೆ 17ನೇ ಶತಮಾನದ ಡೆನ್ಮಾರ್ಕಿನ ಸ್ಟೆನೋ ಹೆಸರಿದೆ. ಕಲ್ಲಿನ ಪದರಗಳಲ್ಲಿ ಕೆಳಗಿನದು ಹಳೆಯದು ಅಂತ ಹೇಳಿ ಭೂವಿಜ್ಞಾನಕ್ಕೆ ಅಡಿಪಾಯ ಹಾಕಿದವನೂ ಅವನೇ.

ಹಾಗಾದರೆ ಇಷ್ಟು ಜೋರಾಗಿ ಏದಿದರೆ ಆ ಕೆಲಸದಿಂದಲೇ ಮೈ ಬಿಸಿಯಾಗಬೇಕಲ್ವಾ? ಇಲ್ಲೇ ಮಜಾ ಇರುವುದು. ಜೋಕಾಲಿಯಲ್ಲಿ ಕೂತ ಮಗುವನ್ನು ತಳ್ಳುವುದನ್ನು ನೆನಪಿಸಿಕೊಳ್ಳಿ. ಜೋಕಾಲಿಗೆ ಅದರದೇ ಒಂದು ಲಯ. ಆ ಲಯಕ್ಕೆ ಸರಿಯಾಗಿ ಬೆರಳಲ್ಲಿ ತಳ್ಳಿದರೂ ಏರುತ್ತದೆ, ಲಯ ತಪ್ಪಿಸಿ ತಳ್ಳಿದರೆ ರಟ್ಟೆ ನೋಯುತ್ತದೆ. ನಾಯಿಯ ಎದೆಗೂಡು, ಶ್ವಾಸಕೋಶ ಸೇರಿದ ವ್ಯವಸ್ಥೆಗೂ ಇಂಥ ಲಯ ಇದೆ, ಸೆಕೆಂಡಿಗೆ ಸುಮಾರು 5 ಸಲ. ಕ್ರಾಫರ್ಡ್ ಎಂಬ ವಿಜ್ಞಾನಿ 1962ರಲ್ಲಿ ಇದನ್ನು ಅಳೆದ. ಅದಕ್ಕೇ ನಾಯಿಯ ಉಸಿರು ನಿಮಿಷಕ್ಕೆ 30–40ರಿಂದ ನಿಧಾನವಾಗಿ ಏರುವುದಿಲ್ಲ, ಒಮ್ಮೆಲೇ 300ರ ಹತ್ತಿರಕ್ಕೆ ಜಿಗಿಯುತ್ತದೆ. ಆ ಲಯದಲ್ಲಿ ಕೆಲಸ ಅಗ್ಗ.

ಪಗ್ ಥರದ ಚಪ್ಪಟೆ ಮೂಗಿನ ನಾಯಿಗೆ ಈ ಸೌಕರ್ಯವೇ ಕಮ್ಮಿ. ಮೂಗಿನೊಳಗೆ ಜಾಗ ಇಲ್ಲ, ಗಾಳಿ ನುಗ್ಗುವುದೇ ಕಷ್ಟ. ಜಾಹೀರಾತು ನೋಡಿ ತಂದವರು ಮಧ್ಯಾಹ್ನ ಅದನ್ನು ಓಡಿಸಬೇಡಿ, ದಯವಿಟ್ಟು.

ನಮ್ಮ ಜಿಲ್ಲೆಗಳಲ್ಲಿ ಒಂದು ಅನುಕೂಲ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಊರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರ. ಏಪ್ರಿಲ್ ಗಾಳಿ ಒಣಗಿರುತ್ತದೆ. ಒದ್ದೆ ಬೇಗ ಆವಿಯಾಗುವುದರಿಂದ ಇಲ್ಲಿನ 36 ಡಿಗ್ರಿ ನಾಯಿಗೆ ಮಂಗಳೂರಿನ 33ಕ್ಕಿಂತ ವಾಸಿ ಇರಬಹುದು. ಕೆಜಿಎಫ್‌ನ ಹಳೆ ಗಣಿಕಾರ್ಮಿಕರಿಗೆ ಇದನ್ನು ವಿವರಿಸುವುದೇ ಬೇಡ. 3 ಕಿಲೋಮೀಟರಿಗಿಂತ ಆಳದ ಚಾಂಪಿಯನ್ ರೀಫ್ ಗಣಿಯಂಥ ಕಡೆ, ಬಂಡೆ ಬಿಸಿ, ಗಾಳಿ ಒದ್ದೆ ಇದ್ದಲ್ಲಿ, ಬೆವರು ಸುರಿದರೂ ತಂಪಾಗುತ್ತಿರಲಿಲ್ಲ. ಒಣಹವೆಯಲ್ಲಿ ಇನ್ನೊಂದು ತೊಂದರೆ, ನೀರು ಬೇಗ ಖರ್ಚಾಗುತ್ತದೆ. ಆದ್ದರಿಂದ ನೀರಿನ ಬಟ್ಟಲು ಒಂದಲ್ಲ, ಎರಡು ಮೂರು ಕಡೆ ಇಡಿ, ನೆರಳಲ್ಲಿ.

ನಮ್ಮ ಮನೆಯ ನಾಯಿ ಕರಿಯ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗುಂಡಿ ತೋಡುತ್ತಾನೆ. ಮೇಲಿನ ಒಣಮಣ್ಣು ಕೆರೆದು, ಕೆಳಗಿನ ಒದ್ದೆ ಕೆಮ್ಮಣ್ಣು ಸಿಕ್ಕಿದ ಮೇಲೆ ಹಿಂಗಾಲು ಎರಡೂ ಕಡೆ ಚಾಚಿ ಹೊಟ್ಟೆಯನ್ನು ಅದಕ್ಕೆ ಒತ್ತಿಕೊಂಡು ಮಲಗುತ್ತಾನೆ. ಹೊಟ್ಟೆಯಲ್ಲಿ ಕೂದಲು ಕಮ್ಮಿ, ಬಿಸಿ ಸಲೀಸಾಗಿ ಮಣ್ಣಿಗಿಳಿಯುತ್ತದೆ. ಬೈಯುವುದು ಬಿಟ್ಟು ಅಲ್ಲಿಗೊಂದು ಚೊಂಬು ನೀರು ಹಾಕಿ. ಉದ್ದ ಕೂದಲಿನ ನಾಯಿಗೆ ಸುಮ್ನೆ ಬೋಳು ಹೊಡೆಸಬೇಡಿ, ಕೂದಲು ಬಿಸಿಲನ್ನೂ ತಡೆಯುತ್ತದೆ. ಈರುಳ್ಳಿ ತಂಪು ಅಂತ ನಾಯಿಗೆ ಹಾಕುವವರಿದ್ದಾರೆ. ಅದು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಟಾರು ರಸ್ತೆಯ ಮೇಲೆ ನಿಮ್ಮ ಅಂಗೈ ಇಡಲಾಗದಿದ್ದರೆ ವಾಕಿಂಗ್ ಬೇಡ. ನಿಲ್ಲಿಸಿದ ಕಾರಿನೊಳಗಂತೂ, ಗಾಜು ಸ್ವಲ್ಪ ಇಳಿಸಿದ್ದರೂ, ಬಿಡಲೇಬಾರದು.

ನಾಲಿಗೆಯ ತುದಿ ಅಗಲವಾಗಿ ಚಮಚದ ಹಾಗೆ ಹರಡಿದೆ, ಬಾಯಿಯ ಮೂಲೆಗಳು ಹಿಂದಕ್ಕೆ ಸೆಳೆದಿವೆ ಅಂದರೆ ನಾಯಿಗೆ ಸೆಕೆ ಜಾಸ್ತಿಯಾಗಿದೆ. ಜನ ‘ನಗು’ ಅಂತ ಫೋಟೋ ತೆಗೆಯುವುದು ಸರಿಯಾಗಿ ಇದೇ ಹೊತ್ತಿಗೆ! ಕ್ಯಾಮೆರಾ ಕೆಳಗಿಟ್ಟು ನೆರಳಿಗೆ ಕರೆದುಕೊಂಡು ಹೋಗಿ. ತೂರಾಡಿದರೆ, ವಾಂತಿ ಮಾಡಿದರೆ, ಕುಸಿದರೆ ಮೈಮೇಲೆ ತಣ್ಣೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಪಶುವೈದ್ಯರ ಹತ್ತಿರ ಓಡಿ. ಒದ್ದೆ ಟವಲ್ ಹೊದಿಸಿ ಬಿಡಬೇಡಿ, ಗಾಳಿಯಾಡದೆ ಬಿಸಿ ಅಲ್ಲೇ ಉಳಿಯುತ್ತದೆ.

ಫೋಟೋಗೆ ಬೆಳಗ್ಗೆ ಆರೂವರೆ, ಏಳು ಗಂಟೆಯ ಒಳಗೆ ಎದ್ದರೆ ಇಬ್ಬರಿಗೂ ಲಾಭ. ಬೆಳಕು ಓರೆಯಾಗಿ ಮೃದುವಾಗಿರುತ್ತದೆ, ನಾಯಿಯ ಬಾಯಿ ಮುಚ್ಚಿರುತ್ತದೆ. ತಡವಾಯಿತಾ, ಜಗಲಿಯ ಅಂಚಿಗೆ ಕೂರಿಸಿ. ಹೊಂಗೆ ನೆರಳು ತಂಪೇನೋ ಹೌದು, ಆದರೆ ಎಲೆಗಳ ನಡುವಿನ ಬಿಸಿಲು ಮುಖದ ಮೇಲೆಲ್ಲಾ ಚುಕ್ಕೆ ಚುಕ್ಕೆ ಬೀಳುತ್ತದೆ. ನೀವೂ ನೆಲಕ್ಕೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಫೋಕಸ್ ಕಣ್ಣಿನ ಮೇಲೆ. ಕರಿನಾಯಿ ಚಿತ್ರದ ತುಂಬ ಇದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡಲು ನೋಡುತ್ತದೆ. ಫೋನಿನ ಪರದೆಯಲ್ಲಿ ಅದರ ಮುಖದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ಬಿಳಿನಾಯಿಗೆ ಮೇಲಕ್ಕೆ. ಫ್ಲ್ಯಾಶ್ ಬೇಡ, ಕಣ್ಣಿನ ಹಿಂದಿನ ಪೊರೆ ಬೆಳಕನ್ನು ವಾಪಸ್ ಎಸೆದು ಹಸಿರು ಗೋಲಿ ಹಾಗೆ ಹೊಳೆಯುತ್ತದೆ. ಏದುವ ನಾಯಿಯ ತಲೆಯೂ ಸೆಕೆಂಡಿಗೆ 5 ಸಲ ಅಲುಗುತ್ತಿರುತ್ತದೆ, ಶಟರ್ 1/500 ಸೆಕೆಂಡಿಗಿಂತ ನಿಧಾನ ಇದ್ದರೆ ಮೀಸೆ ಕಲಸಿಹೋದೀತು.

ಇನ್ನು ಬಾಯಿ ಮುಚ್ಚಿದ ಫೋಟೋನೇ ಬೇಕು ಅಂದರೆ ಬಿಸ್ಕತ್ ಪ್ಯಾಕೆಟ್ಟನ್ನು ಪರಪರ ಅನ್ನಿಸಿ. ಕೇಳಿಸಿಕೊಳ್ಳಲು ನಾಯಿ ಏದುವುದನ್ನು ನಿಲ್ಲಿಸಿ ಬಾಯಿ ಮುಚ್ಚುತ್ತದೆ, ಕಿವಿ ನಿಮಿರುತ್ತದೆ. ಸಿಗುವುದು ಒಂದೆರಡು ಸೆಕೆಂಡು, ಅಷ್ಟರಲ್ಲಿ ಒತ್ತಿಬಿಡಿ. ಆಮೇಲೆ ಒಂದು ಚೂರು ಬಿಸ್ಕತ್ ಕೊಡಿ. ಇಲ್ಲದಿದ್ದರೆ ಮುಂದಿನ ಸಲ ತಿರುಗಿಯೂ ನೋಡುವುದಿಲ್ಲ.