ನಡುವಿಗೆ ಮರಳುವ ನೊಗ

ಮನೆಯಲ್ಲೇ ಫ್ಲೈಟ್ ಯೋಕ್, ಅಂದರೆ ವಿಡಿಯೋ ಆಟಕ್ಕೆ ಬಳಸುವ, ವಿಮಾನದ ಚುಕ್ಕಾಣಿಯಂಥ ಹಿಡಿ, ಕಟ್ಟಲು ಹೊರಟವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಹಿಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಿಟ್ಟರೆ ಅದು ನಡುವಿಗೆ ಬರುವುದಿಲ್ಲ, ಮೂರು ಡಿಗ್ರಿ ಮೊದಲೇ ನಿಂತುಬಿಡುತ್ತದೆ. ಬಲಕ್ಕೆ ತಿರುಗಿಸಿ ಬಿಟ್ಟರೆ ಆ ಬದಿಯಲ್ಲಿ ಮೂರು ಡಿಗ್ರಿ. ಪರದೆಯ ಮೇಲಿನ ಗುರಿಗುರುತು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ತಕ್ಷಣ ಅನುಮಾನ ಹೋಗುವುದು ಸೆನ್ಸರ್ ಮೇಲೆ. ಪಾಟ್ (ತಿರುಗಿಸಿದಂತೆ ವೋಲ್ಟೇಜ್ ಬದಲಿಸುವ ಪೊಟೆನ್ಶಿಯೋಮೀಟರ್) ಕಿತ್ತುಹಾಕಿ 12 ಬಿಟ್ಟಿನ ಅಯಸ್ಕಾಂತ ಸೆನ್ಸರ್ ಕೂರಿಸುತ್ತಾರೆ. ಹಿಡಿ ಮತ್ತೆ ಅಲ್ಲೇ ನಿಲ್ಲುತ್ತದೆ, ಏಕೆಂದರೆ ತಪ್ಪು ಇದ್ದದ್ದು ಅಳೆಯುವುದರಲ್ಲಲ್ಲ, ಸ್ಪ್ರಿಂಗ್ ಕಟ್ಟಿದ ರೀತಿಯಲ್ಲಿ.

ಬಿಟ್ಟುಗಳ ಲೆಕ್ಕವನ್ನು ಮೊದಲು ಮುಗಿಸೋಣ. ಯೋಕ್ ಆಟಗಳಲ್ಲಿ ಎಲ್ಲರೂ ನೆನೆಯುವುದು 1983ರಲ್ಲಿ ಅಟಾರಿ ಕಂಪನಿ ತಂದ ವಿಡಿಯೋ ಆಟ ‘ಸ್ಟಾರ್ ವಾರ್ಸ್’. ಅದರ ಯೋಕ್‌ನಿಂದ ಬಂದ ವೋಲ್ಟೇಜನ್ನು ಅಂಕಿಯಾಗಿಸುತ್ತಿದ್ದದ್ದು ಎಂಟು ಬಿಟ್ಟಿನ ಚಿಪ್ಪು. ಅಂದರೆ ಹೆಚ್ಚೆಂದರೆ 256 ಮೆಟ್ಟಿಲು. ಈಗ ಸುಲಭವಾಗಿ ಸಿಗುವ, ಹಿಡಿಯನ್ನು ಕಂಪ್ಯೂಟರಿಗೆ ಜೋಡಿಸುವ ಪ್ರೊ ಮೈಕ್ರೋ ಎಂಬ ಪುಟ್ಟ ಬೋರ್ಡಿನಲ್ಲಿ ಹತ್ತು ಬಿಟ್ ಇದೆ, 0ಯಿಂದ 1023. ಮಾಮೂಲಿ ಪಾಟ್ ಸುಮಾರು 270 ಡಿಗ್ರಿ ತಿರುಗುತ್ತದೆ. ನಮ್ಮ ಹಿಡಿ ಎಡಕ್ಕೆ 35, ಬಲಕ್ಕೆ 35, ಒಟ್ಟು 70 ಡಿಗ್ರಿ ತಿರುಗಿದರೆ ಅದರ ಕಾಲುಭಾಗದಷ್ಟೇ ಬಳಕೆಯಾಗುತ್ತದೆ. ಆದರೂ ಸಿಗುವುದು ಸುಮಾರು 265 ಮೆಟ್ಟಿಲು, ಅಂದರೆ ಮೂಲ ಯಂತ್ರದ ಮಿತಿಗಿಂತ ಹೆಚ್ಚು. ಗಿಯರ್ ಬೇಡ, ಬೆಲ್ಟ್ ಬೇಡ. ಪಾಟನ್ನು ನೇರವಾಗಿ ಶಾಫ್ಟಿಗೆ ಜೋಡಿಸಿದರೆ ಸಾಕು.

ಆ ಯೋಕ್‌ನ ಹುಟ್ಟು ವಿಮಾನದಲ್ಲೂ ಇಲ್ಲ, ಆಟದಲ್ಲೂ ಇಲ್ಲ. 1980ರಲ್ಲಿ ಅಟಾರಿ ‘ಬ್ಯಾಟಲ್‌ಜೋನ್’ ಎಂಬ ಟ್ಯಾಂಕ್ ಆಟ ಬಿಟ್ಟಿತ್ತು. ಬ್ರಾಡ್ಲಿ ಎಂಬ ಯುದ್ಧವಾಹನದ ಗನ್ನರ್‌ಗಳಿಗೆ ತರಬೇತಿ ಕೊಡಲು ಅದನ್ನೇ ಬದಲಿಸಿಕೊಡಿ ಎಂದು ಅಮೆರಿಕದ ಸೇನೆ ಕೇಳಿತು. ತಯಾರಾದದ್ದು ಎರಡೇ ಯಂತ್ರ. ಆದರೆ ಗನ್ನರ್‌ನ ಹಿಡಿಯನ್ನು ಹೋಲುವಂತೆ ಅದಕ್ಕಾಗಿ ರೂಪಿಸಿದ ಹಿಡಿಕೆಯ ವಿನ್ಯಾಸವೇ ಮುಂದೆ ‘ಸ್ಟಾರ್ ವಾರ್ಸ್’ಗೆ ಬಂತು. ಕಟ್ಟುವವರಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ. ವಿಮಾನದ ಯೋಕ್‌ನಲ್ಲಿ ಇಡೀ ಕಂಬವನ್ನು ಎದೆಯ ಕಡೆಗೆ ಎಳೆಯಬೇಕು, ದೂಡಬೇಕು. ಅದಕ್ಕೆ ಜಾರುವ ಶಾಫ್ಟು ಬೇಕಾಗುತ್ತದೆ, ಮನೆಯ ಉಪಕರಣಗಳಲ್ಲಿ ಅದನ್ನು ನಯವಾಗಿ ಮಾಡುವುದು ಬಲು ಕಷ್ಟ. ಇಲ್ಲಿ ಹಾಗಿಲ್ಲ: ತಲೆ ಸ್ಟಿಯರಿಂಗ್‌ನಂತೆ ಎಡಬಲಕ್ಕೆ ತಿರುಗುತ್ತದೆ, ಎರಡು ಹಿಡಿಗಳು ಅಡ್ಡ ಶಾಫ್ಟಿನ ಮೇಲೆ ಒಟ್ಟಿಗೆ ಹಿಂದೆಮುಂದೆ ವಾಲುತ್ತವೆ. ಎರಡೂ ತಿರುಗುವ ಚಲನೆಗಳೇ, ಎರಡಕ್ಕೂ ಬೇರಿಂಗ್ ಸಾಕು.

ಹೆಸರಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನ ಯೋಕ್ ಎಂದರೆ ನಮ್ಮ ಎತ್ತಿನ ನೊಗವೇ. ಸಂಸ್ಕೃತದ ಯುಗ, ಯೋಗ ಶಬ್ದಗಳೂ ಅದೇ ಬೇರಿನವು, ಯುಗ ಎಂಬುದರ ಹಳೆಯ ಅರ್ಥಗಳಲ್ಲಿ ನೊಗವೂ ಒಂದು. ನಡುವಿನಲ್ಲಿ ಒಂದು ಕೀಲು, ಎರಡು ಬದಿಯಲ್ಲಿ ಸಮನಾದ ಎಳೆತ: ನೊಗದ ಈ ಚಿತ್ರ ಮುಂದಿನ ಮಾತಿಗೆ ಬೇಕು.

ಹೆಚ್ಚಿನವರು ಮಾಡುವುದು ನೊಗದ ಹಾಗೆಯೇ. ಶಾಫ್ಟಿಗೆ 4 ಸೆಂ.ಮೀ.ನ ಒಂದು ಕಡ್ಡಿ ಬಿಗಿದು, ಅದರ ತುದಿಗೆ ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗ್ ಕಟ್ಟುತ್ತಾರೆ. ಎರಡೂ ಸಮ, ಆದ್ದರಿಂದ ನಡುವಿನಲ್ಲಿ ನಿಲ್ಲಬೇಕು ಎಂಬ ಲೆಕ್ಕ. ನಡುವಿನಲ್ಲಿ ಎರಡರ ಎಳೆತವೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯಾಗುತ್ತದೆ, ಅದು ನಿಜ. ಆದರೆ ನಡುವಿನ ಹತ್ತಿರವೂ ಅದು ಸೊನ್ನೆಗೆ ಹತ್ತಿರವೇ ಇರುತ್ತದೆ. ಬೇರಿಂಗು, ಪಾಟು, ವೈರು ಇವುಗಳ ಘರ್ಷಣೆ ಮಾತ್ರ ನಡುವೆಂದು ಕಡಿಮೆಯಾಗುವುದಿಲ್ಲ. ಇಳಿಯುತ್ತ ಬಂದ ಸ್ಪ್ರಿಂಗ್‌ನ ಬಲ ಘರ್ಷಣೆಗಿಂತ ಕೆಳಗಾದ ಕ್ಷಣ ಹಿಡಿ ನಿಂತಿತು.

ಇದನ್ನು ಅಳೆದೇ ನೋಡಬಹುದು. ಸ್ಪ್ರಿಂಗ್ ಬಿಚ್ಚಿ, ನಡುವಿನಿಂದ 12 ಸೆಂ.ಮೀ. ದೂರವಿರುವ ಹಿಡಿಗೆ ಪುಟ್ಟ ಚೀಲ ನೇತುಹಾಕಿ ಹತ್ತು ರೂಪಾಯಿ ನಾಣ್ಯಗಳನ್ನು ಒಂದೊಂದಾಗಿ ಹಾಕುತ್ತ ಹೋಗಿ. ಒಂದು ನಾಣ್ಯ ಸುಮಾರು 7.7 ಗ್ರಾಂ. ಆರನೆಯದಕ್ಕೆ ಹಿಡಿ ಕದಲಿತು ಎನ್ನಿ: 46 ಗ್ರಾಂ, 12 ಸೆಂ.ಮೀ. ದೂರದಲ್ಲಿ. 4 ಸೆಂ.ಮೀ. ಕಡ್ಡಿಯ ತುದಿಗೆ ಅದು 139 ಗ್ರಾಂಗೆ ಸಮ. ಪ್ರತಿ ಸ್ಪ್ರಿಂಗ್ ಮಿಲಿಮೀಟರಿಗೆ 30 ಗ್ರಾಂನಷ್ಟು ಗಡಸಾಗಿದ್ದರೆ ಎರಡೂ ಸೇರಿ 60 ಗ್ರಾಂ. ಒಂದು ಡಿಗ್ರಿಗೆ ಕಡ್ಡಿಯ ತುದಿ 0.7 ಮಿ.ಮೀ. ಸರಿಯುತ್ತದೆ, ಅಂದರೆ ಡಿಗ್ರಿಗೆ 42 ಗ್ರಾಂ. 139ನ್ನು 42ರಿಂದ ಭಾಗಿಸಿ: 3.3 ಡಿಗ್ರಿ. ಇಷ್ಟರೊಳಗೆ ಹಿಡಿ ಎಲ್ಲಿ ಬೇಕಾದರೂ ನಿಲ್ಲಬಹುದು. ಆರಂಭದಲ್ಲಿ ಹೇಳಿದ ಮೂರು ಡಿಗ್ರಿ ಬಂದದ್ದು ಇಲ್ಲಿಂದ.

ಬಾಣಲೆಯ ತಳದಲ್ಲಿ ಒಂದು ಹುಣಸೆಬೀಜ ಜಾರಿಬಿಟ್ಟರೆ ಅದು ನಟ್ಟನಡುವೆ ನಿಲ್ಲುವುದಿಲ್ಲ, ತಳ ಹೆಚ್ಚುಕಡಿಮೆ ಮಟ್ಟಸವಾದ್ದರಿಂದ ಎಲ್ಲೋ ಆಚೀಚೆ ನಿಲ್ಲುತ್ತದೆ. ಅದೇ ಬೀಜವನ್ನು ಆಲಿಕೆಗೆ ಹಾಕಿ, ಇಳಿಜಾರು ಕೊನೆಯವರೆಗೂ ಅಷ್ಟೇ ಕಡಿದಾಗಿರುವುದರಿಂದ ನೇರ ತೂತಿಗೇ ಬರುತ್ತದೆ. ಇನ್ನೊಂದು ರೀತಿ ಹೇಳುವುದಾದರೆ, ಸಮಬಲದ ಹಗ್ಗಜಗ್ಗಾಟದಲ್ಲಿ ಹಗ್ಗದ ನಡುವಿನ ಬಟ್ಟೆತುಂಡು ಗೆರೆಯ ಆಚೀಚೆ ಓಲಾಡುತ್ತದೆ. ಅದೇ ಜಾಗದಲ್ಲಿ ಗೂಟ ನೆಟ್ಟು ಇಕ್ಕಳದಿಂದ ಅಮುಕಿ ಹಿಡಿದರೆ? ನಮಗೆ ಬೇಕಾದದ್ದು ಈ ಇಕ್ಕಳ.

ಅದರ ರಚನೆ ಹೀಗೆ. ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುವ, 80 ಮಿ.ಮೀ. ಉದ್ದದ ಎರಡು ತೋಳುಗಳು ಒಂದರ ಮೇಲೊಂದು. 6 ಮಿ.ಮೀ. ಪ್ಲೈವುಡ್ ನಡೆಯುತ್ತದೆ, ಅಲ್ಯೂಮಿನಿಯಂ ಪಟ್ಟಿ ಇನ್ನೂ ಒಳ್ಳೆಯದು. ಹಿಂದಿನ ಹಲಗೆಗೆ ಬಿಗಿದ 6 ಮಿ.ಮೀ. ಬೋಲ್ಟು ಸ್ಥಿರ ಪಿನ್, ಶಾಫ್ಟಿನ ನಡುವಿನಿಂದ 55 ಮಿ.ಮೀ. ದೂರದಲ್ಲಿ. ಶಾಫ್ಟಿಗೆ ಬಿಗಿದ ಕಡ್ಡಿಯಲ್ಲಿ ಅಷ್ಟೇ ದಪ್ಪದ ಚಲಿಸುವ ಪಿನ್, 40 ಮಿ.ಮೀ. ದೂರದಲ್ಲಿ. ಎರಡೂ ಪಿನ್‌ಗಳು ಎರಡೂ ತೋಳುಗಳ ದಪ್ಪ ದಾಟುವಷ್ಟು ಉದ್ದವಿದ್ದು, ತೋಳುಗಳ ನಡುವೆ ಸಿಕ್ಕಿಕೊಂಡಿರಬೇಕು. ತೋಳುಗಳನ್ನು ಒಂದರ ಕಡೆ ಒಂದನ್ನು ಎಳೆಯುವುದು ಒಂದೇ ಸ್ಪ್ರಿಂಗ್. ಹಿಡಿ ಬಲಕ್ಕೆ ತಿರುಗಿದಾಗ ಚಲಿಸುವ ಪಿನ್ ಬಲತೋಳನ್ನು ದೂಡುತ್ತದೆ, ಎಡತೋಳನ್ನು ಸ್ಥಿರ ಪಿನ್ ತಡೆದು ಹಿಡಿಯುತ್ತದೆ. ಬಿಟ್ಟರೆ ಬಲತೋಳು ಪಿನ್ನನ್ನು ದೂಡಿಕೊಂಡು ಬಂದು ಸ್ಥಿರ ಪಿನ್ನಿಗೆ ಒರಗಿ ನಿಲ್ಲುತ್ತದೆ.

ಗುಟ್ಟಿರುವುದು ಆರಂಭದ ಬಿಗಿತದಲ್ಲಿ. ಹಿಡಿ ನಡುವಿನಲ್ಲಿದ್ದಾಗಲೂ ಸ್ಪ್ರಿಂಗ್ 300 ಗ್ರಾಂನಷ್ಟು ಎಳೆಯುತ್ತಿರಬೇಕು, ಲಗೇಜ್ ತೂಗುವ ಕೈತಕ್ಕಡಿಯಲ್ಲಿ ಇದನ್ನು ನೋಡಿಕೊಳ್ಳಬಹುದು. ಸ್ಪ್ರಿಂಗ್ ಶಾಫ್ಟಿನಿಂದ 7 ಸೆಂ.ಮೀ. ದೂರದಲ್ಲಿದ್ದರೆ ಅದರ ತಿರುಚುಬಲ 300 ಗುಣಿಸು 7, ಅಂದರೆ 2100. ಘರ್ಷಣೆಯದು 46 ಗುಣಿಸು 12, ಸುಮಾರು 550. ನಾಲ್ಕು ಪಟ್ಟಿಗೆ ಹತ್ತಿರ. ಅರ್ಧ ಡಿಗ್ರಿ ಆಚೆಯಿದ್ದರೂ ಇದೇ ಬಲ ಎಳೆಯುತ್ತದೆ, ನಡುವಿಗೆ ಮೊದಲು ನಿಲ್ಲಲು ಘರ್ಷಣೆಗೆ ಅವಕಾಶವೇ ಇಲ್ಲ.

ಸ್ಪ್ರಿಂಗ್ ಆರಿಸುವಾಗ ಎಚ್ಚರ. ತೋಳುಗಳಿಗೆ ಹೊರಮುಖವಾಗಿ 20 ಮಿ.ಮೀ. ಚಾಚಿದ ಕಿವಿಗಳಿದ್ದರೆ, ಕೊಕ್ಕೆಯಿಂದ ಕೊಕ್ಕೆಗೆ ನಡುವಿನಲ್ಲಿ 40 ಮಿ.ಮೀ., 35 ಡಿಗ್ರಿ ತಿರುಗಿದಾಗ 80 ಮಿ.ಮೀ. ಆಗುತ್ತದೆ. ಎಳೆಯದಿದ್ದಾಗ 30 ಮಿ.ಮೀ. ಇರುವ ಮೆತ್ತನೆ ಸ್ಪ್ರಿಂಗ್ ತೆಗೆದುಕೊಂಡು, ಕೈಯಲ್ಲೇ 80ರವರೆಗೆ ಎಳೆದು ಬಿಡಿ. ಮತ್ತೆ 30ಕ್ಕೆ ಬರದಿದ್ದರೆ ಅದು ಬೇಡ. ಕಿವಿಗಳನ್ನು ಇದಕ್ಕಿಂತ ಅಗಲ ಮಾಡಿದರೆ ತೋಳು ತೆರೆದಷ್ಟೂ ಎಳೆತದ ಗೆರೆ ಶಾಫ್ಟಿನ ಹತ್ತಿರ ಸರಿಯುತ್ತದೆ, ಸನ್ನೆಯ ಉದ್ದ ಕಡಿಮೆಯಾಗಿ ಹಿಡಿ ಕೊನೆಯಲ್ಲಿ ಅಷ್ಟು ಗಟ್ಟಿಯಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ತೋಳಿನ ಒಳ ಅಂಚಿನಲ್ಲಿ. ಅಂಚನ್ನು ಶಾಫ್ಟಿನ ಕೇಂದ್ರಕ್ಕೆ ಗುರಿಯಿಟ್ಟು ಕತ್ತರಿಸಿದರೆ 40 ಮಿ.ಮೀ. ದೂರದ ಪಿನ್ 8.6 ಡಿಗ್ರಿ ಅಗಲ ಬೇಡುತ್ತದೆ, 55ರಲ್ಲಿರುವ ಪಿನ್ 6.3 ಡಿಗ್ರಿ ಮಾತ್ರ. ತೋಳುಗಳು ಒಂದನ್ನು ಹಿಡಿದರೆ ಇನ್ನೊಂದರ ಸುತ್ತ 2.3 ಡಿಗ್ರಿ ಸಡಿಲ ಉಳಿಯುತ್ತದೆ, ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಅಂಚು ಕೇಂದ್ರರೇಖೆಯಿಂದ 3 ಮಿ.ಮೀ., ಅಂದರೆ ಪಿನ್ನಿನ ಅರ್ಧ ದಪ್ಪ, ಬದಿಗೆ ಸರಿದಿರಬೇಕು. ಆಗ ಎರಡು ಅಂಚುಗಳೂ ಸಮಾನಾಂತರವಾಗಿ ನಿಂತು ಎರಡೂ ಪಿನ್‌ಗಳನ್ನು ಒಟ್ಟಿಗೆ ಕಚ್ಚುತ್ತವೆ.

ಉಳಿದ ಜೋಡಣೆಯಲ್ಲಿ ಅಷ್ಟು ತೊಡಕಿಲ್ಲ. ಪೆಟ್ಟಿಗೆಗೆ 12 ಮಿ.ಮೀ. ಪ್ಲೈವುಡ್. ಮುಖ್ಯ ಶಾಫ್ಟು 12 ಮಿ.ಮೀ. ಉಕ್ಕಿನ ಸರಳು, ಅದಕ್ಕೆ ಎರಡು 6001 ಬೇರಿಂಗ್, ಒಂದಕ್ಕೊಂದು 10 ಸೆಂ.ಮೀ.ಯಾದರೂ ದೂರ, ಹತ್ತಿರವಿದ್ದರೆ ತಲೆ ಅಲುಗಾಡುತ್ತದೆ. ಅಡ್ಡ ಶಾಫ್ಟು 8 ಮಿ.ಮೀ., ಅದಕ್ಕೆ 608 ಬೇರಿಂಗ್. ಅಡ್ಡ ಶಾಫ್ಟು ಹಿಡಿಗಳ ತೂಕದ ನಡುವೆಯೇ ಹಾದುಹೋಗಬೇಕು. ಭಾರ ಮೇಲಾದರೆ ಹಿಡಿಗಳು ತಾವಾಗಿಯೇ ಮುಂದಕ್ಕೆ ಬೀಳುತ್ತವೆ, ಆ ಭಾರವನ್ನೂ ಸ್ಪ್ರಿಂಗೇ ಹೊರಬೇಕಾಗುತ್ತದೆ. ಹಿಂದೆಮುಂದಿನ ಚಲನೆಗೂ ಇದೇ ಇಕ್ಕಳವನ್ನು ಅರ್ಧ ಅಳತೆಯಲ್ಲಿ ಮಾಡಿ. ತಿರುಗುವಿಕೆಯ ಮಿತಿಗೆ ಪೆಟ್ಟಿಗೆಯಲ್ಲೇ ರಬ್ಬರ್ ಹಾಕಿದ ಬೋಲ್ಟು ಇರಲಿ. ಪಾಟ್‌ನೊಳಗಿನ ತಡೆ ಬೆರಳ ತುದಿಯ ಬಲಕ್ಕಾಗಿ ಮಾಡಿದ್ದು, ಎರಡು ಕೈಯ ರಭಸ ತಡೆಯದು.

ಪಾಟ್ ಜೋಡಿಸಲು ಶಾಫ್ಟಿನ ಹಿಂತುದಿಯಲ್ಲಿ ಲೇತ್‌ನವರಿಂದ 6 ಮಿ.ಮೀ. ತೂತು ಹೊಡೆಸಿ, ಪಾಟ್‌ನ ಕಡ್ಡಿ ತೂರಿಸಿ ಗ್ರಬ್ ಸ್ಕ್ರೂನಿಂದ (ತಲೆಯಿಲ್ಲದ ಪುಟ್ಟ ಸ್ಕ್ರೂ) ಬಿಗಿಯಿರಿ. ಪಾಟ್‌ನ ಮೈಯನ್ನು ಮಾತ್ರ ಹಲಗೆಗೆ ಬಿಗಿಯಬೇಡಿ. ತೂತು ಕೂದಲೆಳೆಯಷ್ಟು ಆಚೀಚೆಯಾದರೂ ಬಿಗಿದ ಪಾಟ್ ಪ್ರತಿ ಸುತ್ತಿಗೂ ಬಾಗಿ, ಕೆಲವೇ ವಾರಗಳಲ್ಲಿ ಸವೆಯುತ್ತದೆ. ಮೈ ಸುತ್ತದಂತೆ ಒಂದು ಸೀಳಿನಲ್ಲಿ ಅದರ ಕಿವಿ ತಡೆದರೆ ಸಾಕು, ಉಳಿದಂತೆ ಅದು ತೇಲುತ್ತಿರಲಿ.

ಕೊಳ್ಳುವಾಗ ಬಿ10ಕೆ ಕೇಳಿ. ಎ10ಕೆ ಎಂಬುದು ಧ್ವನಿಗಾಗಿ ಮಾಡಿದ ಲಾಗರಿದಮಿಕ್ ಪಾಟ್. ಹಾಕಿದರೆ ಗುರಿಗುರುತು ಒಂದು ಬದಿಗೆ ತೆವಳುತ್ತದೆ, ಇನ್ನೊಂದು ಬದಿಗೆ ಹಾರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎರಡೂ ಒಂದೇ ಡಬ್ಬಿಯಲ್ಲಿ ಬೆರೆತಿರಬಹುದು, ಅಲ್ಲೇ ಮಲ್ಟಿಮೀಟರ್ ಹಿಡಿದು ನೋಡಿ. ನಟ್ಟನಡುವಿಗೆ ತಿರುಗಿಸಿದಾಗ ನಡುಕಾಲಿನಿಂದ ಎರಡೂ ತುದಿಗೆ ಸುಮಾರು 5 ಕಿಲೋ ಓಮ್ ಬಂದರೆ ಅದು ಬೇಕಾದದ್ದೇ. ತುದಿಯ ಕಾಲುಗಳು 5 ವೋಲ್ಟ್ ಮತ್ತು ಗ್ರೌಂಡಿಗೆ, ನಡುಕಾಲು ಬೋರ್ಡಿನ ಅನಲಾಗ್ ಪಿನ್ನಿಗೆ. ಅಪ್ಪಿತಪ್ಪಿ ನಡುಕಾಲಿಗೆ 5 ವೋಲ್ಟ್ ಕೊಟ್ಟರೆ, ಒಂದು ತುದಿಗೆ ತಿರುಗಿಸಿದಾಗ ನೇರ ಶಾರ್ಟ್ ಆಗಿ ಒಳಗಿನ ಇಂಗಾಲದ ಪಟ್ಟಿ ಸುಡುತ್ತದೆ. ನಡುಕಾಲಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅಂಕಿಗಳ ನಡುಕ ತಗ್ಗುತ್ತದೆ.

ತಲೆಯಿಂದ ಬರುವ ವೈರುಗಳು ಎಳೆಎಳೆಯವೇ ಆಗಿರಲಿ, ಒಂಟಿ ತಂತಿಯ ವೈರು ಮಡಚಿ ಮಡಚಿ ಒಳಗೇ ಮುರಿಯುತ್ತದೆ, ಹೊರಗೆ ಕಾಣುವುದೂ ಇಲ್ಲ. ಶಾಫ್ಟಿನ ಸುತ್ತ ಎರಡು ಸಡಿಲ ಸುತ್ತು ಬಿಟ್ಟು, ಎರಡು ತುದಿಗಳನ್ನೂ ಕಟ್ಟಿ.

ಅಯಸ್ಕಾಂತ ಸೆನ್ಸರ್ ಬೇಡವೆಂದಲ್ಲ. 1879ರಲ್ಲಿ ಎಡ್ವಿನ್ ಹಾಲ್ ವಿದ್ಯಾರ್ಥಿಯಾಗಿದ್ದಾಗ ಕಂಡುಹಿಡಿದ ಪರಿಣಾಮದ ಮೇಲೆ ನಡೆಯುವ ಎಎಸ್5600 ಚಿಪ್ಪಿಗೆ ಸವೆತವೇ ಇಲ್ಲ. ಆದರೆ ಅದಕ್ಕೆ ವ್ಯಾಸದ ಉದ್ದಕ್ಕೆ ಕಾಂತೀಕರಿಸಿದ ಬಿಲ್ಲೆ ಬೇಕು. ಫ್ರಿಜ್ ಬಾಗಿಲಿಗೆ ಅಂಟುವ ಗುಂಡು ಅಯಸ್ಕಾಂತದ ಧ್ರುವಗಳು ಮೇಲೆಕೆಳಗೆ ಇರುತ್ತವೆ, ಅದನ್ನು ಎಷ್ಟು ತಿರುಗಿಸಿದರೂ ಚಿಪ್ಪಿಗೆ ಕಾಣುವುದು ಒಂದೇ. ಬಿಲ್ಲೆಯನ್ನು ನೇರ ಉಕ್ಕಿನ ಶಾಫ್ಟಿಗೆ ಅಂಟಿಸಿದರೆ ಉಕ್ಕು ಕ್ಷೇತ್ರವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ನಡುವೆ ಪ್ಲಾಸ್ಟಿಕ್ ಇಲ್ಲವೇ ಹಿತ್ತಾಳೆಯ ಬಟ್ಟಲು ಇರಲಿ. ಎರಡು ಚಿಪ್ಪುಗಳ ವಿಳಾಸವೂ ಒಂದೇ ಆದ್ದರಿಂದ ಬೋರ್ಡಿಗೆ ಅಂಕಿ ಕಳಿಸುವ ಒಂದೇ ಐ2ಸಿ ತಂತಿಯಲ್ಲಿ ಎರಡೂ ಕೂರುವುದಿಲ್ಲ. ಒಂದರ ಅನಲಾಗ್ ಔಟ್‌ಪುಟ್ ಬಳಸಿ.

ಪ್ರೋಗ್ರಾಮಿನಲ್ಲಿ ಎಡತುದಿ, ನಡು, ಬಲತುದಿ ಮೂರನ್ನೂ ಉಳಿಸಿಕೊಂಡು, ಎರಡು ಅರ್ಧಗಳನ್ನು ಬೇರೆಬೇರೆಯಾಗಿ ಹಿಗ್ಗಿಸಿ. ನಡು ಯಾವತ್ತೂ ಎರಡು ತುದಿಗಳ ಸರಾಸರಿ ಆಗಿರುವುದಿಲ್ಲ. ಅಂಕಿಗಳನ್ನು ನಯಗೊಳಿಸಲು ಹಳೆಯ ಬೆಲೆಗೆ ವ್ಯತ್ಯಾಸದ ಕಾಲುಭಾಗ ಸೇರಿಸುವ ರೂಢಿಯಿದೆ. ಪೂರ್ಣಾಂಕದಲ್ಲಿ ಮಾಡಿದರೆ ವ್ಯತ್ಯಾಸ 3 ಅಥವಾ ಕಡಿಮೆಯಾದಾಗ ಭಾಗಲಬ್ಧ ಸೊನ್ನೆಯಾಗಿ ಬೆಲೆ ಅಲ್ಲೇ ಅಂಟಿಕೊಳ್ಳುತ್ತದೆ. ಬೆಲೆಯನ್ನು ನಾಲ್ಕರಿಂದ ಗುಣಿಸಿ ಇಟ್ಟುಕೊಂಡು ಕೊನೆಯಲ್ಲಿ ಮಾತ್ರ ಭಾಗಿಸಿ.

ಇಂಥ ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ‘ಮೇಮ್’ ತಂತ್ರಾಂಶದಲ್ಲಿ ಡೆಡ್‌ಜೋನ್, ಅಂದರೆ ನಡುವಿನ ಸುತ್ತ ಹಿಡಿಯ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ, ಮೊದಲಿನಿಂದಲೇ ಸೊನ್ನೆಯಲ್ಲ, ಅದನ್ನು ಸೊನ್ನೆ ಮಾಡಿ. ನಡುವಿನ ತಪ್ಪನ್ನು ಡೆಡ್‌ಜೋನ್‌ನಿಂದ ಮುಚ್ಚಬಹುದು ಎಂದು ಸಲಹೆ ಕೊಡುವವರಿದ್ದಾರೆ. ವಿಮಾನದ ಸಿಮ್ಯುಲೇಟರಿನಲ್ಲಿ ಹಿಡಿ ತಿರುವಿನ ವೇಗವನ್ನು ಹೇಳುತ್ತದೆ, ಅಲ್ಲಿ ಅದು ನಡೆದೀತು. ಇಲ್ಲಿ ಹಿಡಿಯ ಜಾಗವೇ ಗುರಿಯ ಜಾಗ, ಡೆಡ್‌ಜೋನ್ ಇದ್ದರೆ ಪರದೆಯ ನಟ್ಟನಡುವೆ ಗುರಿಗುರುತು ಅಂಟಿಕೊಂಡು, ಹಿಡಿ ಅದನ್ನು ದಾಟಿದ ಮೇಲಷ್ಟೇ ಕದಲುತ್ತದೆ.

ಪರೀಕ್ಷೆಗೆ, ಬೋರ್ಡಿನ ಕಚ್ಚಾ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟು, ಎಡತುದಿಯಿಂದ ಹತ್ತು ಸಲ, ಬಲತುದಿಯಿಂದ ಹತ್ತು ಸಲ ಹಿಡಿಯನ್ನು ಬಿಡಿ. 511, 512 ಹೀಗೆ ಬಂದರೆ ಸರಿ. ಎಡದಿಂದ 509, ಬಲದಿಂದ 514 ಬರುತ್ತಿದ್ದರೆ ಇಕ್ಕಳದಲ್ಲಿ ಸುಮಾರು ಒಂದು ಮಿ.ಮೀ. ಸಡಿಲವಿದೆ. ಹಿಡಿಯನ್ನು ಮೆಲ್ಲಗೆ ಅಲುಗಿಸಿ ತೋಳುಗಳನ್ನು ನೋಡಿ. ತೋಳುಗಳು ಕದಲದೆ ಹಿಡಿ ಮಾತ್ರ ಆಡಿದರೆ ಚಲಿಸುವ ಪಿನ್ ತೆಳುವಾಗಿದೆ. ತೋಳುಗಳೂ ಹಿಡಿಯ ಜೊತೆಗೇ ಆಡಿದರೆ ತೆಳುವಾಗಿರುವುದು ಸ್ಥಿರ ಪಿನ್. ಯಾವುದು ತೆಳುವೋ ಅದಕ್ಕೆ ಹೀಟ್ ಶ್ರಿಂಕ್ ಕೊಳವೆಯ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್) ಒಂದು ಪದರ ತೊಡಿಸಿ, ಬಿಸಿ ಮಾಡಿ, ಮತ್ತೆ ಇಪ್ಪತ್ತು ಸಲ ಬಿಟ್ಟು ನೋಡಿ.